ಬ್ರಿಟನ್ನಿನ ರೈಲುಗಳಲ್ಲಿ ನಿಮಗೆ ಯಾವುದು ಇಷ್ಟ, ಯಾವುದು ಕಂಡರಾಗದು?

ಕಿಟಕಿ ಸೀಟು
ಟಿಕೆಟ್ ದರಕ್ಕೆ ಬೈಯಲು ಬೇರೆ ಚರ್ಚೆಗಳು ಬೇಕಾದಷ್ಟಿವೆ, ಇಲ್ಲಿ ಅದು ಬೇಡ. ಬ್ರಿಟನ್ನಿನಲ್ಲಿ ನೀವು ಓಡಾಡಿದ ಮಾರ್ಗ, ಸ್ಟೇಷನ್, ರೈಲು, ಈ ಮೂರರಲ್ಲೂ ತುಂಬಾ ಇಷ್ಟವಾದದ್ದು ಯಾವುದು, ಕಂಡರಾಗದ್ದು ಯಾವುದು? ಕಾರಣ ಹೇಳಬೇಕು. ಸುಮ್ನೆ "ಸೂಪರ್" ಅಂದು ಹೋದರೆ ಲೆಕ್ಕಕ್ಕಿಲ್ಲ. ಲಂಡನ್ ಟ್ಯೂಬ್ (ನೆಲದಡಿಯ ಮೆಟ್ರೊ) ತರಬೇಡಿ, ತಂದರೆ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತೀರಿ.

ನನ್ನದು ಮೊದಲು ಹೇಳಿಬಿಡುತ್ತೇನೆ. ಮಾರ್ಗ ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್. ಸ್ಟೇಷನ್ ಯಾರ್ಕ್. 1877ರ ಆ ಕಬ್ಬಿಣ-ಗಾಜಿನ ಚಾವಣಿ ಹಳಿಯ ಜೊತೆಗೇ ಬಾಗಿಕೊಂಡು ಹೋಗುವುದನ್ನು ನೋಡುತ್ತಾ ನಿಂತು ರೈಲು ತಪ್ಪಿದರೂ ಬೇಜಾರಿಲ್ಲ. ಆಗದ ಸ್ಟೇಷನ್ ಲಂಡನ್ನಿನ ಯೂಸ್ಟನ್, ಇದಕ್ಕೆ ಕಾರಣ ಬೇರೆ ಹೇಳಬೇಕಾ? ಆಗದ ರೈಲು ಪೆಂಡೊಲಿನೊ. ತಿರುವಿನಲ್ಲಿ ವಾಲಬೇಕು ಅಂತ ಬೋಗಿಯ ಮೇಲ್ಭಾಗವನ್ನು ಒಳಕ್ಕೆ ಎಳೆದಿದ್ದಾರೆ, ಕಿಟಕಿ ಗೇಣುದ್ದ. ಅದೂ ಪ್ರತಿ ಸೀಟಿಗೂ ಸಿಗಲ್ಲ. ಕಂಬ್ರಿಯಾದ ಬೆಟ್ಟಗಳ ನಡುವೆ ಹೋಗುವಾಗ ಎದುರಿನವರು "ಅಬ್ಬಾ" ಅನ್ನುತ್ತಿರುತ್ತಾರೆ, ನನಗೆ ಬೂದು ಬಣ್ಣದ ಪ್ಲಾಸ್ಟಿಕ್ ಗೋಡೆ.

ಹ್ಯಾರೋಗೇಟ್ ಗೌಡ್ರು
ಸೆಟಲ್–ಕಾರ್ಲೈಲ್ ಅಂದಿರಲ್ಲ, ಕೈ ಕೊಡಿ ಮೊದಲು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಆಫೀಸಿನ ಒಬ್ಬ ಹಿರಿಯರು ಹೇಳಿದ್ದರು, ರಿಬಲ್‌ಹೆಡ್‌ನಲ್ಲಿ ಇಳಿ, ಮುಂದಿನ ರೈಲು ಬರುವವರೆಗೆ ಕೆಳಗೆ ನಡೆದು ಹೋಗಿ ಸೇತುವೆ ನೋಡು ಅಂತ. 24 ಕಮಾನು, 104 ಅಡಿ ಎತ್ತರ, 400 ಮೀಟರ್ ಉದ್ದ. ಅಂಕಿ ಓದಿದರೆ ಏನೂ ಅನ್ನಿಸಲ್ಲ. ಕೆಳಗೆ ನಿಂತಾಗ ಮೇಲೆ ಎರಡು ಬೋಗಿಯ ರೈಲೊಂದು ಹೋಯಿತು ನೋಡಿ, ಆಗ ಗೊತ್ತಾಯಿತು ಕಂಬಗಳು ಎಷ್ಟು ದಪ್ಪ ಅಂತ. ಸುತ್ತ ಬರೀ ಜೌಗು ಹುಲ್ಲು, ಕುರಿ, ಗಾಳಿ. ಕೊಡೆ ಬಿಚ್ಚುವ ಪ್ರಯತ್ನ ಮಾಡಬೇಡಿ, ಅದು ಉಳಿಯಲ್ಲ.

ಈ ಮಾರ್ಗವನ್ನು 1980ರ ದಶಕದಲ್ಲಿ ಮುಚ್ಚಲು ಹೊರಟಿದ್ದರು. ಸೇತುವೆ ರಿಪೇರಿಗೆ ದುಡ್ಡಿಲ್ಲ ಅನ್ನುವುದು ನೆಪ. ಜನ ಸಾವಿರಾರು ಆಕ್ಷೇಪಣೆ ಬರೆದರು. ಅದರಲ್ಲಿ ಒಂದು ನಾಯಿಯದೂ ಇತ್ತು! ರಸ್ವಾರ್ಪ್ ಅಂತ, ಕುರಿ ಕಾಯುವ ಕಾಲಿ (collie) ಜಾತಿಯ ನಾಯಿ. ಅದಕ್ಕೂ ಟಿಕೆಟ್ ತೆಗೆದು ಕರೆದೊಯ್ಯುತ್ತಿದ್ದರು, ಹಾಗಾಗಿ ಅದೂ ಪ್ರಯಾಣಿಕನೇ ಅಂತ ಪಂಜದ ಗುರುತು ಒತ್ತಿಸಿದರು. 1989ರಲ್ಲಿ ಮಾರ್ಗ ಉಳಿಯಿತು. ಗಾರ್ಸ್‌ಡೇಲ್ ಸ್ಟೇಷನ್‌ನಲ್ಲಿ ಆ ನಾಯಿಯ ಕಂಚಿನ ಪ್ರತಿಮೆ ಇದೆ.

ಪುತ್ತೂರಿನವ
ಎಂಥ ಸೆಟಲ್–ಕಾರ್ಲೈಲ್ ಮಾರಾಯ್ರೇ. ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ಮಾರ್ಗ ನೋಡಿದ ಮೇಲೆ ಅದು ಸಪ್ಪೆ. ಗ್ಲಾಸ್ಗೋ ಬಿಟ್ಟು ಒಂದು ಗಂಟೆ ಆಗುವಾಗ ಕೆಳಗೆ ಸರೋವರ, ಮೇಲೆ ಕಾಡು, ಮಧ್ಯದ ಅಂಚಿನಲ್ಲಿ ರೈಲು. ಆಮೇಲೆ ರಾನಕ್ ಮೂರ್. ಅಲ್ಲಿ ನೆಲವೇ ಇಲ್ಲ, ಬರೀ ಕೆಸರು. ಮರದ ಬೇರು, ಸೊಪ್ಪುಸದೆ, ಮಣ್ಣು, ಬೂದಿ ಎಲ್ಲ ತುಂಬಿಸಿ ಅದರ ಮೇಲೆ ಹಳಿಯನ್ನು ತೇಲಿಸಿದ್ದಾರೆ. 1894ರಿಂದ ಅದರ ಮೇಲೆಯೇ ರೈಲು ಓಡುತ್ತಾ ಇದೆ. ಫೋರ್ಟ್ ವಿಲಿಯಂ ದಾಟಿದರೆ ಗ್ಲೆನ್‌ಫಿನನ್ ಸೇತುವೆ, 21 ಕಮಾನು.

ಹ್ಯಾರೋಗೇಟ್ ಗೌಡ್ರು
21 ಅಂದರೆ ನಮ್ಮದಕ್ಕಿಂತ 3 ಕಡಿಮೆ. ಅದೂ ಕಾಂಕ್ರೀಟು, ನಮ್ಮದು ಕಲ್ಲು.

ಪುತ್ತೂರಿನವ
ಕಾಂಕ್ರೀಟೇ ಅದರ ಮಜಾ ಗೌಡ್ರೇ! ಒಳಗೆ ಕಬ್ಬಿಣದ ಸರಳು ಒಂದೂ ಇಲ್ಲದೆ 1901ರ ಮೊದಲೇ ಎರಕ ಹೊಯ್ದು ಬಾಗಿಸಿ ಕಟ್ಟಿದ್ದಾರೆ. ಕಟ್ಟಿದ ಮೆಕಾಲ್ಪಿನ್‌ಗೆ "ಕಾಂಕ್ರೀಟ್ ಬಾಬ್" ಅಂತಲೇ ಹೆಸರು ಬಿತ್ತು.

ರೀಡಿಂಗ್ ಅಕ್ಕ
ಗ್ಲೆನ್‌ಫಿನನ್ ಚೆಂದ ಒಪ್ಪುತ್ತೇನೆ, ಆದರೆ ಆ ಮಾಂತ್ರಿಕ ಹುಡುಗ ಹ್ಯಾರಿ ಪಾಟರ್‌ನ ಸಿನಿಮಾ ಬಂದ ಮೇಲೆ ಅಲ್ಲಿ ಕಾಲಿಡಲು ಜಾಗ ಇಲ್ಲ. ಉಗಿಬಂಡಿ ಬರುವ ಹೊತ್ತಿಗೆ ಗುಡ್ಡದ ತುಂಬಾ ಫೋನು ಎತ್ತಿಕೊಂಡ ಜನ. ಉಗಿಬಂಡಿಗೆ ಸಿಕ್ಕಾಪಟ್ಟೆ ದುಡ್ಡು ಕೊಡುವ ಬದಲು ಮಾಲೇಗ್‌ಗೆ ಹೋಗುವ ಮಾಮೂಲಿ ರೈಲು ಹತ್ತಿ, ಅದೂ ಅದೇ ಸೇತುವೆ ಮೇಲೆ ಹೋಗುತ್ತದೆ.

ಬಿಸಿ ಕಾಫಿ
ಸೆಟಲ್–ಕಾರ್ಲೈಲ್ ಮಾರ್ಗದ ಡೆಂಟ್ ಸ್ಟೇಷನ್ ಯಾರೂ ಹೇಳಲೇ ಇಲ್ಲ? ಬ್ರಿಟನ್ನಿನಲ್ಲೇ ಅತಿ ಎತ್ತರದ ಮೇನ್‌ಲೈನ್ ಸ್ಟೇಷನ್. 1,150 ಅಡಿ.

ಪುತ್ತೂರಿನವ
ಅದು ಇಂಗ್ಲೆಂಡಿನಲ್ಲಿ ಅತಿ ಎತ್ತರದ್ದು. ಬ್ರಿಟನ್ನಿನಲ್ಲಿ ಅಂದರೆ ಕೊರೌರ್, 1,339 ಅಡಿ, ರಾನಕ್ ಮೂರ್ ಅಂಚಿನಲ್ಲಿ. ಸಾರ್ವಜನಿಕ ರಸ್ತೆಯೇ ಇಲ್ಲ ಅಲ್ಲಿಗೆ. ಇಳಿದರೆ ನಡೆಯಬೇಕು, ಇಲ್ಲ ಮುಂದಿನ ರೈಲಿಗೆ ಕಾಯಬೇಕು. ಮುಂದಿನ ರೈಲು ಅಂದರೆ ಗಂಟೆಗಟ್ಟಲೆ.

ಹ್ಯಾರೋಗೇಟ್ ಗೌಡ್ರು
ಡೆಂಟ್ ಊರಿಗೂ ಡೆಂಟ್ ಸ್ಟೇಷನ್‌ಗೂ ನಾಲ್ಕು ಮೈಲಿಗಿಂತ ಜಾಸ್ತಿ. ಹಳೇ ಜೋಕ್ ಒಂದಿದೆ. "ಸ್ಟೇಷನ್ ಯಾಕೆ ಊರಿಂದ ಇಷ್ಟು ದೂರ ಕಟ್ಟಿದರು?" "ಹಳಿಗೆ ಹತ್ತಿರ ಇರಲಿ ಅಂತ."

ಘಾಟಿ ಸೆಕ್ಷನ್
ರಸ್ತೆ ಇಲ್ಲದ ಸ್ಟೇಷನ್ ನೋಡಲು ಸ್ಕಾಟ್ಲೆಂಡಿಗೆ ಹೋಗಬೇಕಾ? ನಮ್ಮ ಯಡಕುಮೇರಿಗೆ ಬನ್ನಿ. ಸಕಲೇಶಪುರ–ಸುಬ್ರಹ್ಮಣ್ಯ ನಡುವೆ 57 ಸುರಂಗ, 50ಕ್ಕೆ 1ರ ಏರು. ನೀವು ಹೇಳುವ ಯಾವ ಮಾರ್ಗದಲ್ಲಿ ಇದೆ ಹೇಳಿ?

ಕಿಟಕಿ ಸೀಟು
ಘಾಟಿಯವರೇ, ವಿಷಯ ಬ್ರಿಟನ್. ಆದರೂ ಹೇಳುತ್ತೇನೆ, ಕಿಟಕಿ ವಿಷಯದಲ್ಲಿ ನೀವು ಗೆದ್ದಿರಿ. 2021ರಲ್ಲಿ ಯಶವಂತಪುರ–ಮಂಗಳೂರು ರೈಲಿಗೆ ಹಾಕಿದ ವಿಸ್ಟಾಡೋಮ್ ಬೋಗಿಗೆ ಚಾವಣಿಯೂ ಗಾಜು. ಇಲ್ಲಿ ಇಷ್ಟು ಚೆಂದದ ಮಾರ್ಗಗಳನ್ನಿಟ್ಟುಕೊಂಡು ಕಿಟಕಿಗೂ ಸೀಟಿಗೂ ತಾಳಮೇಳ ಇಲ್ಲದ ಬೋಗಿ ಓಡಿಸುತ್ತಾರೆ.

ಸೋಲಿಹಲ್ ಸುಬ್ಬಿ
ಯೂಸ್ಟನ್‌ಗೆ ಬೈಯುವವರು ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್ ನೋಡಿಲ್ಲ ಅನ್ನಿಸುತ್ತೆ. ಮೇಲೆ ಮಾಲ್ ಥರ ಥಳಥಳ. 2015ರಲ್ಲಿ ಹೊಳೆಯುವ ಸ್ಟೀಲ್ ಹೊದಿಕೆ ಹಾಕಿದರು, ಈಗ ಆಝಿ ಅನ್ನುವ ದೊಡ್ಡ ಯಂತ್ರದ ಗೂಳಿಯನ್ನೂ ತಂದು ನಿಲ್ಲಿಸಿದ್ದಾರೆ. ಎಸ್ಕಲೇಟರ್ ಇಳಿದು ಪ್ಲಾಟ್‌ಫಾರ್ಮ್‌ಗೆ ಹೋಗಿ ನೋಡಿ. ಕತ್ತಲೆ, ಡೀಸೆಲ್ ವಾಸನೆ, ತಗ್ಗು ಚಾವಣಿ. ನಿಜವಾದ ಸ್ಟೇಷನ್ ಕೆಳಗಿರುವುದು ತಾನೇ?

ಬಿಸಿ ಕಾಫಿ
ಅಕ್ಕಾ, ಆ ಗೂಳಿ ತಲೆ ಆಡಿಸುತ್ತೆ! ನನ್ನ ಮಗಳು ಅದರ ಮುಂದಿಂದ ಬರುವುದೇ ಇಲ್ಲ ಅಂತ ಹಠ ಹಿಡಿದು ರೈಲು ತಪ್ಪಿಸಿದ್ದಾಳೆ. ನನ್ನ ವೋಟು ಮ್ಯಾಂಚೆಸ್ಟರ್ ಪಿಕಡಿಲಿಯ 13, 14ನೇ ಪ್ಲಾಟ್‌ಫಾರ್ಮ್‌ಗೆ. ಅದು ಸ್ಟೇಷನ್‌ಗೆ ಅಂಟಿಸಿದ ಬಾಲ. ಮುಖ್ಯ ಹಾಲ್‌ನಿಂದ ನಡೆದೂ ನಡೆದೂ ಸಾಕಾಗಿ ತಲುಪಿದರೆ ಅಲ್ಲಿ ಒಂದೇ ಕಿರಿದಾದ ಕಟ್ಟೆ, ಎರಡು ಕಡೆಯೂ ರೈಲು, ಮಧ್ಯೆ ಸೂಟ್‌ಕೇಸ್ ಹಿಡಿದು ಏರ್‌ಪೋರ್ಟಿಗೆ ಹೊರಟ ಜನ, ಮೇಲಿನಿಂದ ಅಡ್ಡಡ್ಡ ಮಳೆ.

ಕ್ರಾಯ್ಡನ್ ಕುಲಕರ್ಣಿ
ಯೂಸ್ಟನ್ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ರೀ, ನಾನೇ ಮಾತಾಡ್ತೀನಿ. ಕಟ್ಟಡದ ತಪ್ಪಿಲ್ಲ. 1968ರಲ್ಲಿ ಅದನ್ನು ತೆರೆದಾಗ ವಿಮಾನ ನಿಲ್ದಾಣದ ಹಂಗ ವಿಶಾಲವಾಗಿ, ಸ್ವಚ್ಛವಾಗಿ ಇರಬೇಕು ಅಂತ ಕಟ್ಟಿದ್ರು. ಆಮೇಲೆ ಮುಂದೆ ಆಫೀಸು ಎಬ್ಬಿಸಿದ್ರು, ಒಳಗೆ ಅಂಗಡಿ ತುರುಕಿದ್ರು. ಪ್ಲಾಟ್‌ಫಾರ್ಮ್ ನಂಬರ್ ಕೊನೇ ಗಳಿಗೆಗೆ ಹಾಕೋದು ಯಾರ ತಪ್ಪು? ಬೋರ್ಡ್ ನೋಡ್ಕೋತ ಕತ್ತೆತ್ತಿ ನಿಂತ ಸಾವಿರ ಜನ, ನಂಬರ್ ಬಿದ್ದ ಕೂಡಲೇ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯೋಕೆ ನುಗ್ಗಿದ ಹಂಗ ಒಂದೇ ಕಡೆ ನುಗ್ತಾರ. ಅದು ನಡೆಸೋ ರೀತಿಯ ದೋಷ.

ಕಿಟಕಿ ಸೀಟು
ಕುಲಕರ್ಣಿಯವರೇ, ಅದನ್ನು ಕಟ್ಟಲು ಏನನ್ನು ಕೆಡವಿದರು ಅನ್ನುವುದನ್ನು ಬಿಟ್ಟಿರಿ. ಹಳೆಯ ಯೂಸ್ಟನ್ ಕಮಾನನ್ನು 1961–62ರಲ್ಲಿ ಒಡೆದು ಅದರ ಕಲ್ಲುಗಳನ್ನು ಪೂರ್ವ ಲಂಡನ್ನಿನ ಕಾಲುವೆಯ ಗುಂಡಿ ಮುಚ್ಚಲು ಹಾಕಿದರು.

ಕ್ರಾಯ್ಡನ್ ಕುಲಕರ್ಣಿ
ಆ ಸಿಟ್ಟು ಇತ್ತು ಅಂತಲೇ ಹತ್ತಿರದ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ ಉಳೀತು ಅಲ್ರೀ. ಅದನ್ನೂ ಕೆಡವೋರಿದ್ರು. 1967ರಲ್ಲಿ ರಕ್ಷಿತ ಕಟ್ಟಡ ಅಂತ ಘೋಷಣೆ ಮಾಡಿ ತಡೆದ್ರು. ಬಾರ್ಲೋ ಕಟ್ಟಿದ ಆ ಚಾವಣಿ 240 ಅಡಿ ಅಗಲ, ನಡುವೆ ಒಂದು ಕಂಬ ಇಲ್ಲ. ಕೆಳಗಿನ ಅಂತಸ್ತಿನ ಕಂಬಗಳ ನಡುವಿನ ಅಂತರವನ್ನ ಬರ್ಟನ್‌ನಿಂದ ಬರುತ್ತಿದ್ದ ಬಿಯರ್ ಪೀಪಾಯಿ ಲೆಕ್ಕದಾಗ ಇಟ್ಟಿದ್ದಾರ. ಈಗ ಅದೇ ಜಾಗದಾಗ ಪ್ಯಾರಿಸ್ ಕಡೆ ಹೋಗೋ ಯೂರೋಸ್ಟಾರ್ ರೈಲಿನ ಕ್ಯೂ.

ರೀಡಿಂಗ್ ಅಕ್ಕ
ಚೆಂದ ಬೇರೆ, ಅನುಕೂಲ ಬೇರೆ ಅಲ್ವಾ? ನಮ್ಮ ರೀಡಿಂಗ್ ಸ್ಟೇಷನ್ ಫೋಟೋಗೆ ಯಾರೂ ಬರಲ್ಲ. ಆದರೆ 2013ರಲ್ಲಿ ಹೊಸದಾಗಿ ತೆರೆದ ಆ ಅಗಲ ಮೇಲ್ಸೇತುವೆಯಲ್ಲಿ ಪ್ಲಾಟ್‌ಫಾರ್ಮ್‌ಗಳಿಗೆ ಎಸ್ಕಲೇಟರ್, ಲಿಫ್ಟ್. ಪ್ರಾಮ್ (ಮಗುವಿನ ತಳ್ಳುಗಾಡಿ) ತಳ್ಳಿಕೊಂಡು ಓಡಾಡುವವರಿಗೆ ಅದರ ಬೆಲೆ ಗೊತ್ತು. ಪ್ರಾಮ್ ಅಂದಾಗ ನೆನಪಾಯಿತು, ನನಗೆ ತುಂಬಾ ಇಷ್ಟವಾದ ರೈಲು ಪೂರ್ವ ಇಂಗ್ಲೆಂಡಿನ ಸ್ಟ್ಯಾಡ್ಲರ್ ರೈಲು. ನಾರ್ವಿಚ್ ಕಡೆ ಹೋದಾಗ ಬಾಗಿಲು ತೆರೆಯುವ ಮೊದಲು ಒಂದು ಚಿಕ್ಕ ಹಲಗೆ ತಾನಾಗಿ ಹೊರಬಂತು. ಬೋಗಿಯ ನೆಲವೂ ಪ್ಲಾಟ್‌ಫಾರ್ಮೂ ಒಂದೇ ಮಟ್ಟ. ಎತ್ತುವುದಿಲ್ಲ, ಯಾರನ್ನೂ ಕೇಳುವುದಿಲ್ಲ, ತಳ್ಳಿಕೊಂಡು ಒಳಗೆ. ವೀಲ್‌ಚೇರಿನಲ್ಲಿದ್ದ ಒಬ್ಬರು ನನ್ನ ಹಿಂದೆಯೇ ತಾವಾಗಿ ಹತ್ತಿದರು. ಬೇರೆ ಕಡೆಯೆಲ್ಲ ಸಿಬ್ಬಂದಿ ಬಂದು ಇಳಿಜಾರು ಹಲಗೆ ಇಡುವವರೆಗೂ ಅವರು ಕಾಯಬೇಕು. ಕಿಟಕಿ, ಕಮಾನು ಅಂತ ಹೊಡೆದಾಡುವವರು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ಕಿಟಕಿ ಸೀಟು
ಸೇರಿಸಿದೆ ಅಕ್ಕ. ಆ ರೈಲಿನ ಕಿಟಕಿಗಳೂ ದೊಡ್ಡವು, ಅದನ್ನೂ ಹೇಳಿ.

ಚುಕುಬುಕು ಚಂದಾದಾರ
ಪೇಸರ್ ರೈಲು ಯಾರಿಗಾದರೂ ನೆನಪಿದೆಯಾ? ನನಗೆ ಅದೇ ಇಷ್ಟ.

ಹ್ಯಾರೋಗೇಟ್ ಗೌಡ್ರು
ನಿಮಗೆ ತಲೆ ಕೆಟ್ಟಿದೆ.

ಸೋಲಿಹಲ್ ಸುಬ್ಬಿ
ಪೇಸರ್ ಅಂದ್ರೆ ಏನು?

ಹ್ಯಾರೋಗೇಟ್ ಗೌಡ್ರು
1980ರ ದಶಕದಲ್ಲಿ ದುಡ್ಡಿಲ್ಲ ಅಂತ ಲೇಲ್ಯಾಂಡ್ ಬಸ್ಸಿನ ಬಾಡಿ ತೆಗೆದು ಗೂಡ್ಸ್ ಡಬ್ಬಿಯಂಥ ತಳಪಾಯದ ಮೇಲೆ ಕೂರಿಸಿದರು. ಒಂದೊಂದು ಬೋಗಿಗೆ ಎರಡೇ ಅಚ್ಚು. ಸೀಟೂ ಬಸ್ಸಿನದೇ. ಹಳಿಯ ಪ್ರತಿ ಜೋಡಣೆಯೂ ಬೆನ್ನುಮೂಳೆಗೆ ಗೊತ್ತಾಗುತ್ತಿತ್ತು. ತಿರುವಿನಲ್ಲಿ ಕಿರ್ರೋ ಅಂತ ಕಿರುಚುತ್ತಿತ್ತು. ನಾಲ್ಕು ದಿನದ ಏರ್ಪಾಡು ಅಂತ ತಂದದ್ದು 2021ರವರೆಗೂ ಓಡಿತು. ಉತ್ತರ ಇಂಗ್ಲೆಂಡು, ವೇಲ್ಸು ಬಡವರಿದ್ದ ಕಡೆಗೇ ಅದನ್ನು ಕಳಿಸಿದ್ದು, ಲಂಡನ್ ಸುತ್ತಮುತ್ತ ಒಂದೂ ಇರಲಿಲ್ಲ. ಇಷ್ಟ ಅಂತೆ!

ಚುಕುಬುಕು ಚಂದಾದಾರ
ಇಷ್ಟಕ್ಕೆ ಕಾರಣ ಇದೆ ಗೌಡ್ರೇ, ಕಿಟಕಿ. ಬಸ್ಸಿನ ಕಿಟಕಿ ಅಲ್ವಾ, ಉದ್ದಕ್ಕೂ ಗಾಜು. ಮುಂದೆ ಕೂತರೆ ಡ್ರೈವರ್ ಪಕ್ಕದಿಂದ ಹಳಿ ಕಾಣುತ್ತಿತ್ತು. ಪೇಸರ್ ಓಡಿದ್ದರಿಂದಲೇ ಎಷ್ಟೋ ಸಣ್ಣ ಮಾರ್ಗ ಮುಚ್ಚದೆ ಉಳಿದವು. ದುಬಾರಿ ರೈಲೇ ಬೇಕು ಅಂತ ಕೂತಿದ್ದರೆ 1960ರ ದಶಕದಲ್ಲಿ ಸಾಲು ಸಾಲು ಮಾರ್ಗ ಮುಚ್ಚಿಸಿದ ಬೀಚಿಂಗ್ ಥರದವರು ಮತ್ತೆ ಕತ್ತರಿ ಹಿಡಿದು ಬರುತ್ತಿದ್ದರು.

ಹ್ಯಾರೋಗೇಟ್ ಗೌಡ್ರು
ಮಾರ್ಗ ಉಳಿಯಿತು ಅನ್ನುವುದು ಸರಿ. ಬೆನ್ನು ಉಳಿಯಲಿಲ್ಲ.

ಪ್ಲಿಮತ್ ಪಯಣಿಗ
ಇಂಟರ್‌ಸಿಟಿ 125 ಹೆಸರು ಇನ್ನೂ ಬಂದಿಲ್ಲ, ಆಶ್ಚರ್ಯ. 1976ರಲ್ಲಿ ಬಂದದ್ದು, ಗಂಟೆಗೆ 125 ಮೈಲಿ ಡೀಸೆಲ್‌ನಲ್ಲಿ. ಕೆನೆತ್ ಗ್ರೇಂಜ್ ರೂಪಿಸಿದ ಆ ಚೂಪು ಮೂತಿ ಇವತ್ತಿಗೂ ಹಳತಾಗಿ ಕಾಣಲ್ಲ. 1987ರಲ್ಲಿ 148 ಮೈಲಿಯ ದಾಖಲೆಯನ್ನೂ ಮಾಡಿತು. ಇಳಿಯಬೇಕಾದರೆ ಬಾಗಿಲ ಕಿಟಕಿ ಕೆಳಗೆಳೆದು, ಕೈ ಹೊರಗೆ ಹಾಕಿ, ಹೊರಗಿನ ಹಿಡಿ ತಿರುಗಿಸಬೇಕಿತ್ತು. ಮೊದಲ ಸಲ ಬಂದವರು ಬಾಗಿಲಿಗೆ ಒಳಗೆ ಹಿಡಿಯೇ ಇಲ್ಲವಲ್ಲ ಅಂತ ಗಾಬರಿಯಾಗುತ್ತಿದ್ದರು. ಸೀಟು ಸೋಫಾ ಥರ ಮೆತ್ತಗೆ.

ಅದನ್ನು ತೆಗೆದು ಹಿಟಾಚಿ ಕಂಪನಿಯ ರೈಲು ತಂದರು. ವೇಗ ಹೌದು, ಶಬ್ದ ಕಡಿಮೆ ಹೌದು. ಸೀಟಿನ ಬಗ್ಗೆ ಜನ "ಇಸ್ತ್ರಿ ಹಲಗೆ" ಅನ್ನುತ್ತಾರೆ, ಅದು ಹೊಗಳಿಕೆ. ಲಂಡನ್ನಿಂದ ಪ್ಲಿಮತ್‌ಗೆ ಮೂರು ಗಂಟೆ ಮೇಲೆ ಅದರ ಮೇಲೆ ಕೂತು ನೋಡಿ. ನಾನೀಗ ಕುಶನ್ ಇಟ್ಟುಕೊಂಡು ಹೋಗುತ್ತೇನೆ, ಹೆಂಡತಿ ದೂರ ಕೂರುತ್ತಾಳೆ.

ಮಾರ್ಗ ಮಾತ್ರ ನಮ್ಮದನ್ನು ಮೀರಿಸಿದ್ದಿಲ್ಲ. ಎಕ್ಸೆಟರ್ ದಾಟಿ ಡಾಲಿಶ್‌ನಲ್ಲಿ ಸಮುದ್ರದ ಗೋಡೆಯ ಮೇಲೇ ರೈಲು. ಉಬ್ಬರದ ದಿನ ಅಲೆ ಬಂದು ಗಾಜಿಗೆ ಬಡಿಯುತ್ತದೆ, ಗಾಜು ತುಂಬಾ ನೊರೆ ಇಳಿಯುತ್ತಾ ಇರುತ್ತದೆ, ಒಳಗೆ ಒಂದು ಕ್ಷಣ ಎಲ್ಲರೂ ಫೋನಿಂದ ತಲೆ ಎತ್ತುತ್ತಾರೆ. 2014ರ ಫೆಬ್ರವರಿ ಬಿರುಗಾಳಿಯಲ್ಲಿ ಗೋಡೆಯೇ ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು. ಎರಡು ತಿಂಗಳು ಕಾರ್ನ್‌ವಾಲ್‌ಗೆ ರೈಲಿಲ್ಲ. ಏಪ್ರಿಲ್ 4ಕ್ಕೆ ಮತ್ತೆ ತೆರೆಯಿತು.

ಪುತ್ತೂರಿನವ
ಇಂಜಿನಿಯರ್ ಬ್ರೂನೆಲ್ ಆ ಮಾರ್ಗದಲ್ಲೇ ಇಂಜಿನ್ನೇ ಇಲ್ಲದೆ, ಪೈಪಿನೊಳಗಿನ ಗಾಳಿ ಹೀರಿ ರೈಲು ಓಡಿಸಲು ಹೋದದ್ದಲ್ವಾ?

ಪ್ಲಿಮತ್ ಪಯಣಿಗ
ಹೌದು, 1847–48ರಲ್ಲಿ. ಪೈಪಿನ ಮೇಲಿನ ಸೀಳನ್ನು ಚರ್ಮದ ಪಟ್ಟಿಯಿಂದ ಮುಚ್ಚಿದ್ದರು. ಚರ್ಮ ಹಾಳಾಗಿ ಗಾಳಿ ಸೋರಲು ಶುರುವಾಯಿತು, ವರ್ಷ ತುಂಬುವ ಮೊದಲೇ ಕೈಬಿಟ್ಟರು. ಅದರ ಪಂಪ್‌ಹೌಸ್ ಒಂದು ಸ್ಟಾರ್‌ಕ್ರಾಸ್‌ನಲ್ಲಿ ಇವತ್ತಿಗೂ ರೈಲಿಂದ ಕಾಣುತ್ತದೆ.

ಸ್ಲೌ ಸೀನ
ಲಂಡನ್ ನಡುವೆ ಹಾಯುವ ಎಲಿಜಬೆತ್ ಲೈನ್! 2022ರ ಮೇ ನಂತರ ನನ್ನ ಬದುಕೇ ಬದಲಾಯಿತು. ಎಸಿ, ಉದ್ದ ರೈಲು, ಕೆನರಿ ವಾರ್ಫ್‌ಗೆ ಬದಲಾಯಿಸದೆ ಹೋಗಬಹುದು.

ಕಿಟಕಿ ಸೀಟು
ಟ್ಯೂಬ್ ಬೇಡ ಅಂದಿದ್ದೆ.

ಸ್ಲೌ ಸೀನ
ಅದು ಟ್ಯೂಬ್ ಅಲ್ಲ ಗುರು. ರೀಡಿಂಗ್‌ವರೆಗೆ ಮಾಮೂಲಿ ರೈಲ್ವೆ ಹಳಿಯಲ್ಲೇ ಓಡುತ್ತೆ.

ಕ್ರಾಯ್ಡನ್ ಕುಲಕರ್ಣಿ
ಲಿವರ್‌ಪೂಲ್ ಸ್ಟ್ರೀಟ್‌ನಾಗ ತಪ್ಪು ತುದಿಗೆ ಇಳಿದು ಮೂರ್‌ಗೇಟ್‌ನಾಗ ಹೊರಗೆ ಬಂದವರು ಕೈ ಎತ್ರಿ. ಪ್ಲಾಟ್‌ಫಾರ್ಮ್ ಅಷ್ಟು ಉದ್ದ, ಎರಡು ಸ್ಟೇಷನ್‌ಗೆ ಒಂದೇ.

ಸೋಲಿಹಲ್ ಸುಬ್ಬಿ
✋

ಬಿಸಿ ಕಾಫಿ
ನನಗೆ ಆಗದ್ದು ರೈಲಲ್ಲ, ರೈಲಿನ ಬದಲು ಬರುವ ಬಸ್ಸು. ಕಂಪನಿ ಹೆಸರು ಹೇಳಲ್ಲ. ಒಂದು ಭಾನುವಾರ ಕಾಮಗಾರಿ ಅಂತ ಬಸ್ ಹತ್ತಿಸಿದರು. ಡ್ರೈವರ್‌ಗೆ ಸ್ಟೇಷನ್ ಎಲ್ಲಿದೆ ಅಂತಲೇ ಗೊತ್ತಿಲ್ಲ, ಹಿಂದಿನ ಸೀಟಿನ ಅಜ್ಜಿ ಎದ್ದು ಹೋಗಿ ಪಕ್ಕ ನಿಂತು ದಾರಿ ತೋರಿಸಿದರು. ಅಜ್ಜಿ ಇಳಿಯುವ ಊರು ಬಂತು, ಇಳಿದು ಹೋದರು. ಆಮೇಲಿನದು ಕೇಳಬೇಡಿ.

ರೀಡಿಂಗ್ ಅಕ್ಕ
ಡಿಲೇ ರಿಪೇ (ತಡವಾದರೆ ಸಿಗುವ ಪರಿಹಾರ) ಅರ್ಜಿ ಹಾಕಿದಿರಾ? ಬಸ್ ತಡವಾದರೂ ಸಿಗುತ್ತದೆ, ವೇಳಾಪಟ್ಟಿಯಲ್ಲಿ ಆ ಬಸ್ಸಿನ ಸಮಯ ಕೊಟ್ಟಿದ್ದರೆ. ಹೆಚ್ಚಿನ ಕಡೆ 15 ನಿಮಿಷದಿಂದಲೇ ಶುರು. ಟಿಕೆಟ್ ಫೋಟೋ ತೆಗೆದಿಟ್ಟುಕೊಳ್ಳಿ, ಗೇಟು ನುಂಗಿಬಿಡುತ್ತದೆ.

ಸ್ಲೌ ಸೀನ
ದುಡ್ಡಿನ ವಿಷಯ ಬಂತು ಅಂತ ಹೇಳ್ತಿದ್ದೀನಿ. ಒಂದೇ ರೈಲು, ಒಂದೇ ಸೀಟು, ಟಿಕೆಟನ್ನು ಮಧ್ಯದ ಊರಿನಲ್ಲಿ ಎರಡು ತುಂಡು ಮಾಡಿ ತಗೊಂಡರೆ ಎಷ್ಟೋ ಸಲ ಕಡಿಮೆ. ಆ ಊರಲ್ಲಿ ರೈಲು ನಿಲ್ಲಬೇಕು ಅಷ್ಟೇ, ನೀವು ಇಳಿಯಬೇಕಿಲ್ಲ. ಇಬ್ಬರು ಹೋಗುವುದಾದರೆ ಟೂ ಟುಗೆದರ್ ಕಾರ್ಡ್ ಮಾಡಿಸಿ, ಮೂರನೇ ಒಂದು ಭಾಗ ಕಡಿತ. ವಾರದ ದಿನ ಬೆಳಗ್ಗೆ ಒಂಬತ್ತೂವರೆ ಮುಂಚೆ ಮಾತ್ರ ನಡೆಯಲ್ಲ.

ಕಿಟಕಿ ಸೀಟು
ದರದ ಬಗ್ಗೆ ಬೇಡ ಅಂದಿದ್ದೆ, ಟ್ಯೂಬ್ ಬೇಡ ಅಂದಿದ್ದೆ. ಯಾರೂ ಕೇಳಲ್ಲ.

ಚುಕುಬುಕು ಚಂದಾದಾರ
ವಿಚಿತ್ರ ಸ್ಟೇಷನ್ ಲೆಕ್ಕಕ್ಕೆ ಬರುತ್ತಾ? ಮ್ಯಾಂಚೆಸ್ಟರ್ ಹತ್ತಿರದ ಡೆಂಟನ್. ವಾರಕ್ಕೆ ಒಂದೇ ದಿನ, ಶನಿವಾರ ಬೆಳಗ್ಗೆ, ಹೋಗಲು ಒಂದು, ಬರಲು ಒಂದು ರೈಲು. ಅಧಿಕೃತವಾಗಿ ಮುಚ್ಚಬೇಕಾದರೆ ಕಾನೂನಿನ ತಲೆನೋವು ಜಾಸ್ತಿ, ಅದಕ್ಕಿಂತ ವಾರಕ್ಕೊಂದು ರೈಲು ಓಡಿಸುವುದೇ ಅಗ್ಗ. ಊರಿನವರು ಇನ್ನೂ ಬೇಕು ಅಂತ ಕೇಳುತ್ತಲೇ ಇದ್ದಾರೆ.

ಘಾಟಿ ಸೆಕ್ಷನ್
ಅಬರ್ಡೀನ್‌ನಿಂದ ಪೆನ್‌ಜಾನ್ಸ್‌ಗೆ ನೇರ ರೈಲು ಇತ್ತಂತೆ, 13 ಗಂಟೆ, ಅದನ್ನೂ ನಿಲ್ಲಿಸಿದರಂತೆ. ದೇಶದ ಅತಿ ಉದ್ದದ ಪ್ರಯಾಣ ಅಂತ ಇಲ್ಲಿನ ಪತ್ರಿಕೆಗಳಲ್ಲಿ ಬಂದಿತ್ತು. 13 ಗಂಟೆಯಲ್ಲಿ ನಮ್ಮಲ್ಲಿ ಇನ್ನೂ ಎರಡನೇ ಊಟದ ಬುತ್ತಿ ಬಿಚ್ಚಿರಲ್ಲ.

ಪ್ಲಿಮತ್ ಪಯಣಿಗ
774 ಮೈಲಿ, 2025ರ ಮೇನಲ್ಲಿ ನಿಂತಿತು. ಪೂರ್ತಿ ದೂರ ಹೋಗುವವರು ರೈಲು ಹುಚ್ಚರು ಮಾತ್ರ. ಅದೂ ವಾಯೇಜರ್ ರೈಲಿನಲ್ಲಿ. ಕೂತ ಜಾಗದ ಕೆಳಗೇ ಇಂಜಿನ್ ಗುರುಗುಟ್ಟುವ, ಟಾಯ್ಲೆಟ್ ವಾಸನೆ ಸೀಟಿನ ತನಕ ಬರುವ, ನಾಲ್ಕೋ ಐದೋ ಬೋಗಿಯ ರೈಲು. ಪುಳಿಯೋಗರೆ ಡಬ್ಬಿ ತೆಗೆಯಲೂ ಮನಸ್ಸಾಗಲ್ಲ.

ಸೋಲಿಹಲ್ ಸುಬ್ಬಿ
ಪುಳಿಯೋಗರೆ ಪರವಾಗಿಲ್ಲ. ಬೆಳ್ಳುಳ್ಳಿ ಚಟ್ನಿ ತೆಗೆದರೆ ಪಕ್ಕದವರು ಎದ್ದು ಹೋಗುತ್ತಾರೆ. ಸೀಟು ಸಿಗುತ್ತೆ 😄

ಕ್ರಾಯ್ಡನ್ ಕುಲಕರ್ಣಿ
ಇಷ್ಟದ ಸ್ಟೇಷನ್ ಕೇಳಿದ್ರಲ್ಲ, ನಂದು ಲಂಡನ್ನಿನ ವಾಕ್ಸ್‌ಹಾಲ್. ನಗಬ್ಯಾಡ್ರಿ. ನೋಡಾಕ ಏನೂ ಇಲ್ಲ, ಗದ್ದಲ, ಹೊರಗೆ ಬಸ್ ನಿಲ್ದಾಣ. ಆದ್ರ ಅಲ್ಲಿ ಇಳಿದು ಥೇಮ್ಸ್ ದಂಡೆ ಹಿಡಿದು ಲ್ಯಾಂಬೆತ್ ಸೇತುವೆ ಕಡೆ ನಡೆದರ ಬಸವಣ್ಣನ ಮೂರ್ತಿ. 2015ರ ನವೆಂಬರ್‌ನಾಗ ಅನಾವರಣ ಆತು. ಲ್ಯಾಂಬೆತ್ ಮಾಜಿ ಮೇಯರ್, ನಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲ್ ಮುಂದೆ ನಿಂತು ಮಾಡಿಸಿದ್ದು. ಊರಿಂದ ಯಾರೇ ಬಂದ್ರೂ ಮೊದಲು ಅಲ್ಲಿಗೇ ಕರ್ಕೊಂಡು ಹೋಗ್ತೀನಿ.

ಹ್ಯಾರೋಗೇಟ್ ಗೌಡ್ರು
ಇದು ಒಪ್ಪತಕ್ಕ ಮಾತು.

ಹಾಸನದ ಹೊಸಬಿ
ನಮಸ್ಕಾರ, ಇಷ್ಟು ದಿನ ಬರೀ ಓದುತ್ತಿದ್ದೆ. ಮುಂದಿನ ತಿಂಗಳು ಅಪ್ಪ ಅಮ್ಮ ಬರುತ್ತಿದ್ದಾರೆ. ಲಂಡನ್ನಿಂದ ಎಡಿನ್‌ಬರಾಗೆ ಕರೆದುಕೊಂಡು ಹೋಗಬೇಕು. ಯಾವ ಕಡೆ ಕೂತರೆ ಚೆನ್ನಾಗಿ ಕಾಣುತ್ತೆ? ಅಪ್ಪನಿಗೆ ಫೋರ್ತ್ ಸೇತುವೆ ನೋಡಬೇಕಂತೆ.

ಕಿಟಕಿ ಸೀಟು
ಬಲಗಡೆ, ಕಣ್ಣು ಮುಚ್ಚಿಕೊಂಡು ಬಲಗಡೆ. ಡರ್ಹಮ್‌ನಲ್ಲಿ ಗುಡ್ಡದ ಮೇಲಿನ ಕೆಥೆಡ್ರಲ್ ಆ ಕಡೆಗೇ. ನ್ಯೂಕಾಸಲ್ ಆದ ಮೇಲೆ ಸಮುದ್ರವೂ ಆ ಕಡೆಗೇ. ಬೆರಿಕ್ ಹತ್ತಿರ 28 ಕಮಾನಿನ ರಾಯಲ್ ಬಾರ್ಡರ್ ಸೇತುವೆ ಮೇಲೆ ಹೋಗುತ್ತದೆ, ಆಗ ಅಮ್ಮನನ್ನು ನಿದ್ದೆ ಮಾಡಲು ಬಿಡಬೇಡಿ. ಬುಕ್ ಮಾಡುವಾಗ ಸೀಟಿನ ನಕ್ಷೆಯಲ್ಲಿ ಟೇಬಲ್ ಇರುವ ಸೀಟು ತೆಗೆದುಕೊಳ್ಳಿ, ಅಲ್ಲಿ ಕಿಟಕಿ ಸಿಗುವ ಸಾಧ್ಯತೆ ಜಾಸ್ತಿ.

ಪುತ್ತೂರಿನವ
ಫೋರ್ತ್ ಸೇತುವೆ ಎಡಿನ್‌ಬರಾದಿಂದ ಮುಂದೆ ಉಂಟು. ರೈಲಿನಲ್ಲಿ ಅದರ ಮೇಲೆ ಹೋದರೆ ಕೆಂಪು ಕಂಬಿಗಳು ಸರಿದು ಹೋಗುವುದು ಬಿಟ್ಟು ಏನೂ ಕಾಣುವುದಿಲ್ಲ. ದಾಟಿದ ಕೂಡಲೇ ನಾರ್ತ್ ಕ್ವೀನ್ಸ್‌ಫೆರಿ ಸ್ಟೇಷನ್‌ನಲ್ಲಿ ಇಳಿಯಿರಿ, ಕೆಳಗೆ ನಡೆದು ನೀರಿನ ಹತ್ತಿರ ಹೋಗಿ, ಅಲ್ಲಿಂದ ತಲೆ ಎತ್ತಿದರೆ 1890ರ ಆ ಮೂರು ರಾಕ್ಷಸಾಕಾರ ಪೂರ್ತಿ ಕಾಣುತ್ತದೆ. ಇಳಿಜಾರು ಸ್ವಲ್ಪ ಜೋರು, ಅಮ್ಮನಿಗೆ ಮೊಣಕಾಲು ನೋವಿದ್ದರೆ ಮೊದಲೇ ನೋಡಿಕೊಳ್ಳಿ.

ರೀಡಿಂಗ್ ಅಕ್ಕ
ಯಾರ್ಕ್‌ನಲ್ಲಿ ಒಂದು ದಿನ ನಿಲ್ಲಿಸಿಕೊಂಡು ಹೋಗಮ್ಮ. ಸ್ಟೇಷನ್ ಪಕ್ಕದಲ್ಲೇ ರೈಲ್ವೆ ಮ್ಯೂಸಿಯಂ, ಪ್ರವೇಶ ಉಚಿತ. 1938ರಲ್ಲಿ 126 ಮೈಲಿ ವೇಗ ಮುಟ್ಟಿದ ಮಲ್ಲಾರ್ಡ್ ಉಗಿ ಇಂಜಿನ್ ಅಲ್ಲೇ ಇದೆ. ಮೈಸೂರಿನ ರೈಲು ಮ್ಯೂಸಿಯಂ ನೋಡಿದ ಅಪ್ಪಂದಿರಿಗೆಲ್ಲ ಇದು ಹಿಡಿಸುತ್ತದೆ, ನಮ್ಮಪ್ಪ ಹೊರಗೆ ಬರಲೇ ಇಲ್ಲ.

ಬಿಸಿ ಕಾಫಿ
ಯಾವ ವಾರ ಹೊರಡೋದು? ಭಾನುವಾರ ಆದರೆ ಮೊದಲು ಕಾಮಗಾರಿ ಇದೆಯಾ ನೋಡಿ.

ಹಾಸನದ ಹೊಸಬಿ
ಅಯ್ಯೋ, ಭಾನುವಾರವೇ ಬುಕ್ ಮಾಡಿಬಿಟ್ಟಿದ್ದೇನೆ.

ಬಿಸಿ ಕಾಫಿ
ಹಾಗಾದರೆ ಬಸ್ಸಿನಲ್ಲೂ ಬಲಗಡೆಯೇ ಕೂರಿಸಿ.